ಕಾಗದದ ಕುಬಸಗಳ ವರ್ಷ

ಕಳೆದ ತಿಂಗಳು ಹೊಲಿಗೆ ಪರೀಕ್ಷೆಯ ಪರೀಕ್ಷಕಳಾಗಿ ನಿಪ್ಪಾಣಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ತಂಬಾಕಿನ ಘಾಟು ಮೂಗಿಗೆ ಬಡಿದು ಮೇಲಿಂದ ಮೇಲೆ ಮೂರು ಸೀನು ಬಂದವು. ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ಮುದುಕಿ ನಕ್ಕು, “ಊರಿಗೆ ಹೊಸಬರ ಏನ್ರಿ?” ಎಂದಳು. “ಹಳಬಾಕಿನ ಅದೀನಿ ಆಯಿ, ಮೂಗಿಗೆ ಮರ್ತ ಹೋಗೇತಿ” ಎಂದೆ. ನಿಪ್ಪಾಣಿಯವರು ತಂಬಾಕಿಗೆ ಸೀನುವುದಿಲ್ಲ. ನಾನೂ ಒಂದು ಕಾಲಕ್ಕೆ ಸೀನುವುದನ್ನು ಬಿಟ್ಟಿದ್ದೆ. 1991ರ ಜೂನಿನಲ್ಲಿ ಇದೇ ಬಸ್ ನಿಲ್ದಾಣದಲ್ಲಿ ಇಳಿದಾಗ ಸೀನಿಗಿಂತ ಅಳುವೇ ಮುಂದಾಗಿತ್ತು. ಆ ವರ್ಷ ನನಗೆ ಹದಿನೆಂಟು ತುಂಬಿತ್ತು, ಪಿಯುಸಿ ನಪಾಸಾಗಿತ್ತು.

ನಾವು ಚಿಕ್ಕೋಡಿಯವರು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೆ ಎರಡನೆಯವಳಾಗಿ ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿ, “ನಮ್ಮ ಶೋಭಾ ಸೈನ್ಸ್ ತಗೋತಾಳ” ಎಂದು ಸಾರಿ ಬಂದಿದ್ದ. ತಗೊಂಡೆ. ಲೆಕ್ಕ ತಲೆಗೆ ಹತ್ತದಿದ್ದರೂ ಬಾಯಿಪಾಠ ಮಾಡಿ ಒಂದು ವರ್ಷ ದೂಡಿದೆ. ಎರಡನೆಯ ವರ್ಷ ಗಣಿತದಲ್ಲಿ ಇಪ್ಪತ್ತೆರಡು ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಎಂಟು ದಿನ ನನ್ನ ಜೊತೆ ಮಾತೇ ಇಲ್ಲ, ಚಹಾ ಬೇಕಾದರೂ ಅವ್ವನ ಕಡೆ ಹೇಳಿಸುತ್ತಿದ್ದ. ಪೇಢೆ ತಿಂದವರು ಒಬ್ಬೊಬ್ಬರಾಗಿ ಬಂದು “ಹಂಗ್ಯಾಕಾತು ಮಾಸ್ತರ?” ಎಂದು ಮರುಗಿ ಹೋಗುವಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಪೇಢೆ ತಿಂದಷ್ಟೇ ಆಸಕ್ತಿಯಿಂದ ಮರುಗುತ್ತಿದ್ದರು, ಅದೊಂದು ಮಾತು ಹೇಳಲೇಬೇಕು.

ನಿಪ್ಪಾಣಿಗೆ ಕೊಟ್ಟಿದ್ದ ನನ್ನ ಅಕ್ಕ ವಿಮಲಕ್ಕ ಆಗ ಚೊಚ್ಚಲ ಬಸುರಿ. ಅವಳ ಗಂಡ ತಂಬಾಕು ತುಂಬಿಡುವ ವಖಾರಿಯಲ್ಲಿ ಗುಮಾಸ್ತ. ವಾಂತಿ ಹೆಚ್ಚಾಗಿ ಅವಳಿಗೆ ನೆಲ ಹಿಡಿದಂತಾಗಿದ್ದರಿಂದ, “ಶೋಭಾನ್ನ ಕಳಿಸ್ರಿ, ಕೈಗೆ ಆಗ್ತಾಳ” ಎಂದು ಅವಳ ಅತ್ತೆ ಹೇಳಿಕಳಿಸಿದರು. ಅಪ್ಪನಿಗೂ ನಾನು ಕಣ್ಣ ಮುಂದಿನಿಂದ ಸರಿಯುವುದು ಬೇಕಾಗಿತ್ತು. ಹದಿನೈದು ದಿನ ನಾನು ಕಸ ಹೊಡೆಯುತ್ತ, ಗೋಡೆ ನೋಡುತ್ತ ಕೂತಿದ್ದನ್ನು ಕಂಡು ವಿಮಲಕ್ಕನಿಗೇ ಬೇಸರ ಬಂತು. “ಎರಡ ಓಣಿ ಆಚೆ ಕುಸುಮಾಬಾಯಿಯವರು ಹೊಲಿಗಿ ಕ್ಲಾಸ್ ನಡಸ್ತಾರ, ಸರಕಾರದ ಪರೀಕ್ಷಾನೂ ಐತಿ. ಹೋಗಿ ಕೂಡು. ಹೊತ್ತರ ಹೋದೀತು” ಎಂದಳು. ಹೊತ್ತು ಕಳೆಯಲಿಕ್ಕೆಂದೇ ಹೋದೆ. ಓದಿದವಳಿಗೆ ಹೊಲಿಗೆ ಯಾವ ಮಹಾ ಎಂಬ ಗರ್ವವನ್ನೂ ಜೊತೆಗೆ ಒಯ್ದೆ.

ಕುಸುಮಾಬಾಯಿ ಮೂಲತಃ ಕಾಗವಾಡದ ಜೈನ ಮನೆತನದವರು, ಐವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಹೆಂಗಸು. ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಮನೆಯ ಮಾಳಿಗೆಯ ಮೇಲೆ ಕಾಲಿನಿಂದ ತುಳಿಯುವ ಆರು ಮಷೀನು, ಗೋಡೆಗೊಂದು ಕರಿಹಲಗೆ, ನಡುವೆ ಉದ್ದನೆಯ ಮೇಜು. ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು, ಹಾಗಾಗಿ ಐದಕ್ಕೆ ಕ್ಲಾಸು ಬಂದ್. ಬೆಳಿಗ್ಗೆ ಹತ್ತು ಹೊಡೆದ ಮೇಲೆ ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. “ಲಗೂನ ಬಂದ್ರ ಯಾರಿಗೂ ಲುಕ್ಸಾನ ಆಗಂಗಿಲ್ಲವಾ” ಎಂದು ಒಳಗಿನಿಂದಲೇ ಹೇಳಿ ಸುಮ್ಮನಾಗುವರು. ನನಗೆ ಇದು ಮೊದಲ ವಾರವೇ ಎರಡು ಸಲ ಆಯಿತು.

ಅವರ ಬಾಗಿಲ ಹತ್ತಿರ ಒಂದು ಬೆತ್ತದ ಬುಟ್ಟಿ ಇರುತ್ತಿತ್ತು. ನಮ್ಮ ಕಡೆ ಹೆಂಗಸರು ಹೊಸ ಕುಬಸ ಹೊಲಿಸಲು ಬಂದರೆ ಮೈ ಅಳತೆ ಕೊಡುವುದಿಲ್ಲ. ಕುಬಸ ಎಂದರೆ ಬೇರೆ ಕಡೆಯವರು ರವಿಕೆ ಎನ್ನುವುದು. ಹಳೆಯದೊಂದನ್ನು ಅಳತೆಗೆಂದು ಕೊಟ್ಟು ಹೋಗುತ್ತಾರೆ. ಬಾಯಾರು ಅದನ್ನು ಇಸಿದುಕೊಂಡು ಬುಟ್ಟಿಗೆ ಹಾಕಿ, “ಇದು ಇಲ್ಲೇ ಇರಲಿ. ಈಗ ನೀವ ಒಳಗ ಬರ್ರಿ” ಎನ್ನುವರು. ನಮಗೆ ಹೇಳುತ್ತಿದ್ದರು, “ಹಳೀ ಕುಬಸ ಹೋದ ವರ್ಷದ ಮಾತು ಹೇಳತೈತಿ. ನೀವು ಹೊಲಿಯೋದು ಈ ವರ್ಷದ ಮೈಗೆ.”

ಮೊದಲ ದಿನವೇ ಮಷೀನಿಗೆ ಕೂಡಿಸುತ್ತಾರೆಂದು ನಾನು ಅಂದುಕೊಂಡಿದ್ದೆ. ಕೂಡಿಸಿದರು, ಆದರೆ ದಾರ ಕೊಡಲಿಲ್ಲ. “ಮನ್ಯಾಗ ಹಳೀ ನೋಟ್‌ಬುಕ್ ಇದ್ರ ತಾ” ಎಂದರು. ನನ್ನ ಹತ್ತಿರ ಇದ್ದದ್ದು ಪಿಯುಸಿಯ ಫಿಜಿಕ್ಸ್ ನೋಟ್ಸು. ಹಾಳೆ ಹರಿದು, ದಾರವಿಲ್ಲದ ಸೂಜಿಯನ್ನು ಅದರ ಗೆರೆಯ ಮೇಲೆ ಓಡಿಸಬೇಕು. ಗೆರೆ ಬಿಟ್ಟು ಒಂದು ತೂತು ಆಚೆ ಬಿದ್ದರೆ ಹಾಳೆ ವಾಪಸು, ಮತ್ತೊಂದು ಹಾಳೆ. ಬೆಳಕು, ಶಾಖ, ವಿದ್ಯುತ್ತು ಎಲ್ಲದರ ಮೇಲೂ ತೂತು ಕೊರೆದು ಮುಗಿಯುವಷ್ಟರಲ್ಲಿ ಒಂದು ತಿಂಗಳಾಗಿತ್ತು. ಕಾಲು ಬಾತಿತ್ತು. ಸಿಟ್ಟಿನಿಂದ “ಮಷೀನ ಸರಿ ಇಲ್ಲರೀ” ಎಂದು ಒಂದು ದಿನ ಅಂದೆ. ಬಾಯಾರು ಬಂದು ಕೂತು, ಗೆರೆಯ ಮೇಲೆ ಸೂಜಿ ಸರ್ರನೆ ಓಡಿಸಿ, ಎದ್ದು ಹೋದರು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುವ ಗಾದೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಕಾಗದದ ಕುಬಸಗಳು. ಕಂದು ಕಾಗದದ ಮೇಲೆ ಅಳತೆ ಹಾಕುವುದು, ಕತ್ತರಿಸುವುದು, ಗುಂಡುಸೂಜಿ ಚುಚ್ಚಿ ಜೋಡಿಸುವುದು, ಬಾಯಾರ ಕೆಂಪು ಪೆನ್ಸಿಲಿಗೆ ಕಾಯುವುದು. ನನ್ನ ಜೊತೆ ಹಸೀನಾ ಎಂಬ ಹುಡುಗಿ ಇದ್ದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಮನೆಯಲ್ಲಿ ಬೀಡಿ ಸುತ್ತುತ್ತ ಕ್ಲಾಸಿಗೆ ಬರುತ್ತಿದ್ದವಳು. ಒಂದು ದಿನ ಬಾಯಾರು, “ಎದಿ ಅಳತಿ ಮೂವತ್ನಾಕು. ಅದರ ಕಾಲು ಭಾಗ ಎಷ್ಟು?” ಎಂದು ಕೇಳಿದರು. ನಾನು ಕೂಡಲೇ “ಎಂಟು ಪಾಯಿಂಟ್ ಐದು” ಎಂದು ಹೇಳಿ, ಟೇಪಿನ ಮೇಲೆ ಎಂಟು ಇಂಚು ದಾಟಿ ಐದು ಸಣ್ಣ ಗೆರೆ ಎಣಿಸಿ ಗುರುತು ಹಾಕಿದೆ. ಹಸೀನಾ “ಎಂಟೂವರಿ” ಎಂದು ಹೇಳಿ ನಾಲ್ಕು ಗೆರೆಗೆ ಗುರುತು ಹಾಕಿದಳು.

ಟೇಪಿನಲ್ಲಿ ಇಂಚಿಗೆ ಎಂಟು ಗೆರೆ. ಒಂದು ಗೆರೆಗೆ ನಮ್ಮಲ್ಲಿ ಒಂದು ಸೂತ ಎನ್ನುತ್ತಾರೆ. ಅರ್ಧ ಇಂಚು ಎಂದರೆ ನಾಲ್ಕು ಸೂತ. ನಾನು ಹತ್ತು ಗೆರೆ ಇದ್ದಾವೆಂದೇ ಲೆಕ್ಕ ಹಾಕಿದ್ದೆ! ಬಾಯಾರು ಇಬ್ಬರ ಕಾಗದವನ್ನೂ ಒಂದರ ಮೇಲೊಂದು ಇಟ್ಟರು. “ಒಂದ ಸೂತ ಹೆಚ್ಚಾತಲ್ಲ, ಅಷ್ಟ ಹೌದಲ್ರಿ?” ಎಂದೆ. “ಕಾಲು ಭಾಗಕ್ಕ ಒಂದು ಸೂತ. ಅಂಥಾ ಭಾಗ ಎಷ್ಟು?” “ನಾಕು.” “ಹಂಗಾರ?” “ಅರ್ಧ ಇಂಚು.” “ಅರ್ಧ ಇಂಚ ದೊಗಳೆ ಕುಬಸ ತೊಟ್ಕೊಂಡು ನೀ ಬಜಾರಕ್ಕ ಹೋಗ್ತೀ ಏನವಾ?” ಹಸೀನಾ ಕಿಸಕ್ಕನೆ ನಕ್ಕಳು. ನನಗೆ ಮುಖ ಬಿಸಿಯಾಯಿತು. ಆದರೆ ಆ ದಿನ ಮನೆಗೆ ಹೋಗುವಾಗ ಒಂದು ವಿಷಯ ಹೊಳೆದು ದಾರಿಯಲ್ಲೇ ನಿಂತುಬಿಟ್ಟೆ. ಕಾಲೇಜಿನಲ್ಲಿ ಎರಡು ವರ್ಷ ನಾನು ಅಂಕಿಗಳನ್ನು ಬರೆದಿದ್ದೆ, ಒಂದು ದಿನವೂ ಮುಟ್ಟಿರಲಿಲ್ಲ. ತಪ್ಪಾದ ಲೆಕ್ಕ ಯಾರ ಮೈಗೂ ಬಿಗಿಯಾಗಿರಲಿಲ್ಲ.

ಮಳೆ ಹೋಗಿ ದೀಪಾವಳಿ ಬಂತು. ಅಷ್ಟರೊಳಗೆ ನನಗೆ ಆ ಮಾಳಿಗೆ ಬಿಟ್ಟು ಇರಲಾರದ ಹಾಗೆ ಆಗಿತ್ತು. ಬಾಯಾರು ಕೊನೆಗೂ ಬಟ್ಟೆ ಕೈಗೆ ಕೊಟ್ಟಿದ್ದರು. ಅಂಥ ಹೊತ್ತಿಗೆ ಅಪ್ಪನ ಪತ್ರ: ವಿಮಲಕ್ಕನಿಗೆ ಏಳನೆಯ ತಿಂಗಳು, ಬರುವ ರವಿವಾರ ಕುಬಸ ಮಾಡಲು ತವರಿನಿಂದ ಎಲ್ಲರೂ ಬರುತ್ತೇವೆ; ಪಿಯುಸಿ ಪರೀಕ್ಷೆಯ ಫಾರ್ಮು ತರುತ್ತೇನೆ, ಶೋಭಾ ಸಹಿ ಮಾಡಿ ನಮ್ಮ ಜೊತೆ ಚಿಕ್ಕೋಡಿಗೆ ವಾಪಸು ಬರಬೇಕು, ಟ್ಯೂಷನ್ ಗೊತ್ತು ಮಾಡಿದ್ದೇನೆ, ಹೊಲಿಗೆ ಸಾಕು.

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ ಆರತಿ ಮಾಡುವುದಕ್ಕೆ ನಮ್ಮಲ್ಲಿ ಕುಬಸದ ಕಾರ್ಯ ಎಂದೇ ಹೆಸರು. ಅದಕ್ಕೆಂದು ಅವ್ವ ತನ್ನ ಟ್ರಂಕಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಗುಳೇದಗುಡ್ಡದ ಹಸಿರು ಖಣವನ್ನು ಮೊದಲೇ ಕಳಿಸಿದ್ದಳು. ಒಂದು ಖಣಕ್ಕೆ ಒಂದೇ ಕುಬಸ, ಮೇಲೆ ಒಂದು ಗೇಣೂ ಉಳಿಯುವುದಿಲ್ಲ. ನಾನೇ ಹೊಲಿಯುತ್ತೇನೆ ಎಂದೆ. ಮಾತಾಡಿ ಅಪ್ಪನನ್ನು ಒಪ್ಪಿಸಲು ನನಗೆ ಬರುವುದಿಲ್ಲ, ವಿಮಲಕ್ಕನ ಮೈಮೇಲಿನ ಕುಬಸ ನೋಡಿಯಾದರೂ ಇಲ್ಲಿಯೇ ಇರಲು ಬಿಟ್ಟಾನು ಎಂಬ ಆಸೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಇಡೀ ತರಗತಿಯಿಂದ ಕಾಪಿ ಬರೆಸುತ್ತಿದ್ದ ಅಪ್ಪ, ತನ್ನ ಮಗಳ ಕೈ ಕೆಸರಾಗುವುದನ್ನು ಮಾತ್ರ ಒಪ್ಪುವವನಾಗಿರಲಿಲ್ಲ.

ಟೇಪು ಹಿಡಿದು ವಿಮಲಕ್ಕನ ಹತ್ತಿರ ಹೋದಾಗ ಅವಳ ಅತ್ತೆ ನಡುವೆ ಬಂದರು. “ಬಸುರಿ ಮೈಗೆ ಟೇಪು ಸುತ್ತಬ್ಯಾಡವಾ, ಹಗ್ಗ ಸುತ್ತಿದಂಗ ಆಕ್ಕೈತಿ” ಎಂದು ವಿಮಲಕ್ಕನ ಒಂದು ಹಳೆಯ ಕುಬಸ ತಂದು ಕೊಟ್ಟರು. ಒಳ್ಳೆಯ ಮನಸ್ಸಿನ ಮುದುಕಿ, ನಂಬಿದ್ದನ್ನು ಹೇಳಿದರು. ನಂಬಬಾರದಿತ್ತು ನಾನು. ಬುಟ್ಟಿ ನೆನಪಾಗಲಿಲ್ಲವೇ ಎಂದರೆ ಆಯಿತು. ಆದರೆ ವಾದ ಮಾಡುವುದಕ್ಕಿಂತ ಹಳೆಯದನ್ನು ತೆಗೆದುಕೊಳ್ಳುವುದು ಸಲೀಸು. ಮೇಲಾಗಿ, ಒಳಗಿನ ಹೊಲಿಗೆಗೆ ಒಂದು ಇಂಚು ಬಿಡಬೇಕೆಂದು ಬಾಯಾರು ಹೇಳಿದ್ದನ್ನು ನಾಜೂಕು ಕಾಣಲೆಂದು ಅರ್ಧಕ್ಕೆ ಇಳಿಸಿದೆ. ಬಾಯಾರಿಗೆ ತೋರಿಸದೆ, ಮನೆಯಲ್ಲಿಯೇ ಕತ್ತರಿಸಿ, ಅವರು ಕೆಳಗೆ ಇಳಿದಿದ್ದಾಗ ಕ್ಲಾಸಿನ ಮಷೀನಿನಲ್ಲಿ ಹೊಲಿದು ತಂದೆ.

ಶನಿವಾರ ಮಧ್ಯಾಹ್ನ ವಿಮಲಕ್ಕ ತೊಟ್ಟು ನೋಡಿದಳು. ಮುಂದಿನ ಹುಕ್ಕು ಮುಟ್ಟಲೇ ಇಲ್ಲ. ಅವಳು ಉಸಿರು ಎಳೆದು ಹಿಡಿದಳು, ಆದರೂ ಇಲ್ಲ. “ಇರಲಿ ಬಿಡ, ಸೆರಗಿನಾಗ ಮುಚ್ಚಿಕೊಂಡು ಕೂಡ್ತೀನಿ” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಅವ್ವನ ಖಣ, ತವರಿನ ಖಣ, ಮತ್ತೊಂದು ತರುವಂಥದ್ದಲ್ಲ. ಅದನ್ನು ಸುತ್ತಿ ಎದೆಗೆ ಅವಚಿಕೊಂಡು ಬಾಯಾರ ಮಾಳಿಗೆಗೆ ಓಡಿದೆ.

ಅವರು ಕುಬಸವನ್ನು ಒಳಹೊರಗು ಮಾಡಿ ನೋಡಿದರು. “ಎಷ್ಟ ಕಮ್ಮಿ ಬಿದ್ದೈತಿ?”

“ಭಾಳ ಬಿದ್ದೈತ್ರಿ.”

“ಭಾಳ ಅನ್ನೋ ಅಳತಿ ನನ್ನ ಟೇಪಿನಾಗ ಇಲ್ಲ.”

ನಾನು ಅಳಲು ಶುರುಮಾಡಿದೆ. ಅತ್ತೆ ಟೇಪು ಮುಟ್ಟಗೊಡಲಿಲ್ಲ ಎಂದು ಎಲ್ಲ ಹೇಳಿದೆ. ಬಾಯಾರು, “ಹೂವಿಗೆ ಬ್ಯಾಡ ಅಂತಾರೇನು? ಅಬೋಲಿ ಮಾಲಿ ತಗೊಂಡು ಹೋಗು. ಅತ್ತೀ ಕೈಲೇನ ಹಾಕಸು. ಎಲ್ಲಿ ಕೂಡತೈತಿ ಅಲ್ಲಿ ಗಂಟು ಹಾಕ್ಕೊಂಡು ಬಾ” ಎಂದರು. ಹಾಗೇ ಮಾಡಿದೆ. ಅತ್ತೆ ನಗುತ್ತ ಒಂದು ತುದಿ ಹಿಡಿದರು, ನಾನು ಇನ್ನೊಂದು. ಬಸುರಿಯ ಎದೆ ಸುತ್ತ ಹೂವಿನ ಮಾಲೆ ಬಂತು, ಯಾವ ದೋಷವೂ ತಟ್ಟಲಿಲ್ಲ. ಮಾಲೆಯನ್ನು ಮೇಜಿನ ಮೇಲೆ ಚಾಚಿ ಅಳೆದಾಗ ಕುಬಸ ಎರಡೂವರೆ ಇಂಚು ಕಮ್ಮಿ ಎಂದು ಗೊತ್ತಾಯಿತು.

“ಚಿಂದಿ ಚೆಲ್ಲೀ ಏನು?” ಪುಣ್ಯಕ್ಕೆ ಚೆಲ್ಲಿರಲಿಲ್ಲ. ತೋಳಿನ ಪಕ್ಕದಿಂದ ಬಿದ್ದ ನಾಲ್ಕು ತ್ರಿಕೋನದ ತುಂಡುಗಳು. ಬಾಯಾರು ಅವನ್ನು ನನ್ನ ಮುಂದೆ ಹರವಿ, ತಾವು ಕೈಕಟ್ಟಿ ಕೂತರು. “ನೀವ ಮಾಡಿಕೊಡ್ರಿ ಬಾಯಾರ, ನಿಮ್ಮ ಕಾಲಿಗೆ ಬೀಳತೀನಿ” ಎಂದೆ. “ಕಾಲಿಗೆ ಬಿದ್ರ ಕುಬಸ ದೊಡ್ಡದಾಗಂಗಿಲ್ಲ. ಮೊದಲ ಕಾಗದಾ ತಗೋ” ಎಂದರು. ಸಿಟ್ಟು ಬಂತು, ಅಳು ಬಂತು, ಕಾಗದ ತೆಗೆದುಕೊಂಡೆ. ಒಂದೊಂದು ಬದಿಗೆ ಒಂದೂಕಾಲು ಇಂಚಿನ ಪಟ್ಟಿ ಬೇಕು, ಇರುವುದು ತ್ರಿಕೋನ. ಕಾಗದದ ತ್ರಿಕೋನ ಮಾಡಿ ಹೀಗಿಟ್ಟೆ, ಹಾಗಿಟ್ಟೆ. ಎರಡನ್ನು ಓರೆ ಬದಿಗೆ ಓರೆ ಬದಿ ಕೂಡಿಸಿ ಒಂದನ್ನು ತುಸು ಕೆಳಗೆ ಜಾರಿಸಿದಾಗ, ಉದ್ದನೆಯ ಸಪೂರ ಪಟ್ಟಿ ತಾನಾಗಿ ಬಂತು. ಕರಿಹಲಗೆಯ ಮೇಲೆ ಇಂಥದ್ದನ್ನು ಲೆಕ್ಚರರು ಎಷ್ಟು ಸಲ ಬರೆದಿದ್ದರೋ! ನಾನು ಮೊದಲ ಸಲ ನೋಡಿದ್ದು ಅವತ್ತು. ಬಾಯಾರು ಗಡಿಯಾರ ನೋಡಿದರು. ಐದು ಹೊಡೆಯಲು ಹತ್ತು ನಿಮಿಷ ಇದ್ದಾಗ ಎರಡನೆಯ ಕಂಕುಳಿನ ಹೊಲಿಗೆ ಮುಗಿಯಿತು.

ರವಿವಾರ ವಿಮಲಕ್ಕ ಉಸಿರು ಬಿಗಿಹಿಡಿಯದೆ ಆರತಿಗೆ ಕೂತಳು. ಕಂಕುಳ ಕೆಳಗಿನ ಜೋಡಣೆ ಯಾರಿಗೂ ಕಾಣಲಿಲ್ಲ. ಕಂಡವಳು ಅವ್ವ ಒಬ್ಬಳೇ. ಬೆರಳಾಡಿಸಿ, ನನ್ನ ಮುಖ ನೋಡಿ, ಬಾಯಿಗೆ ಒಂದು ಉಂಡಿ ತುರುಕಿದಳು. ಅಪ್ಪ ಮಾತ್ರ ಗಂಡಸರ ಪಂಕ್ತಿಯಲ್ಲಿ ಉಂಡು, ಫಾರ್ಮು ಕಿಸೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಮಗಳ ಕುಬಸವನ್ನು ಯಾವ ಅಪ್ಪ ಕಣ್ಣಿಟ್ಟು ನೋಡುತ್ತಾನೆ? ನನ್ನ ಯೋಜನೆಯಲ್ಲಿ ಇದೊಂದು ದೊಡ್ಡ ತೂತು ಇದ್ದದ್ದು ನನಗೆ ಅವತ್ತೇ ಹೊಳೆದದ್ದು.

ಸೋಮವಾರ ಬೆಳಿಗ್ಗೆ, ಹೊರಡುವ ಮೊದಲು ಬಾಯಾರಿಗೆ ಹೇಳಿ ಬರೋಣ ಎಂದು ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಕೈಮುಗಿದು, “ಹುಡುಗಿ ಶಾಣ್ಯಾ ಅದಾಳ್ರಿ, ಓದಸಬೇಕಂತ ಮಾಡೀನಿ. ಓದು ಹತ್ತಲಾರದವರಿಗೆ ಹೊಲಿಗಿ ಇದ್ದ ಐತಿ” ಎಂದ. ಬಾಯಾರು ಬೇಸರ ಮಾಡಿಕೊಳ್ಳಲಿಲ್ಲ. ಗೂಡಿನಿಂದ ನನ್ನ ಹೆಸರಿನ ಕಾಗದದ ಕಟ್ಟು ತೆಗೆದು ಅಪ್ಪನ ಮುಂದೆ ಬಿಚ್ಚಿದರು. ಅಲ್ಲಿಯವರೆಗೆ ನಾನು ಕತ್ತರಿಸಿದ ಎಲ್ಲ ಕಾಗದದ ಕುಬಸಗಳು, ಪ್ರತಿಯೊಂದರ ಮೇಲೂ ಲೆಕ್ಕ, ಲೆಕ್ಕದ ಮೇಲೆ ಕೆಂಪು ಪೆನ್ಸಿಲು.

ಅಪ್ಪ ಎಷ್ಟಾದರೂ ಮಾಸ್ತರ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ತಿರುವತೊಡಗಿದ. ಕೂಡಿಸಿದ, ಭಾಗಿಸಿದ, ತುಟಿ ಅಲುಗುತ್ತಿತ್ತು. “ಇಷ್ಟ ಸಲ ತಪ್ಪಿದಳೇನ್ರಿ?”

“ಇಷ್ಟ ಸಲ ಮಾಡಿದಳ್ರಿ.”

“ನಮ್ಮ ಸಾಲ್ಯಾಗ ಇಷ್ಟ ತಪ್ಪಿದ್ರ ಹುಡುಗ್ರು ಸಾಲೀನ ಬಿಡ್ತಾವು.”

“ನಿಮ್ಮಲ್ಲಿ ನೂರಕ್ಕ ಮೂವತ್ತೈದು ಬಂದ್ರ ಪಾಸ್ ಗುರುಗಳ. ಮೂವತ್ತೈದು ಪಾಲು ಸರಿ ಇದ್ದ ಕುಬಸ ನಾ ಯಾರಿಗೆ ತೊಡಸಲ್ರಿ?”

ಅಪ್ಪ ಮತ್ತೆ ಹಾಳೆ ತಿರುವಿದ. ಶನಿವಾರದ ಕಾಗದದ ತ್ರಿಕೋನಗಳು ಕೈಗೆ ಬಂದಾಗ ಬಹಳ ಹೊತ್ತು ನೋಡಿದ. “ಇದು ಏನಿದು?” ನಾನು ಹೇಳಿದೆ: ಹಳೆಯ ಕುಬಸ ನಂಬಿದ್ದು, ಮಾಲೆ, ಎರಡೂವರೆ ಇಂಚು, ಜಾರಿಸಿದ ತ್ರಿಕೋನ. ಅಪ್ಪ ಎರಡು ಕಾಗದ ತೆಗೆದುಕೊಂಡು ತಾನೇ ಜಾರಿಸಿ ನೋಡಿದ. ಆಮೇಲೆ ಫಾರ್ಮು ಹೊರತೆಗೆದ. “ಸಹಿ ಮಾಡು. ಎರಡೂ ಪರೀಕ್ಷಾ ಬರಿ. ಪುಸ್ತಕ ಇಲ್ಲಿಗೇ ಕಳಿಸತೀನಿ” ಎಂದ. ಮಾಳಿಗೆಯ ಮೆಟ್ಟಿಲು ಇಳಿಯುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಒಪ್ಪಿದ್ದು ಮನಸ್ಸಿನಿಂದಲೋ, ಬಾಯಾರ ಮಾತಿಗೆ ಎದುರಾಡಲಾಗದೆಯೋ ನನಗೆ ತಿಳಿಯಲಿಲ್ಲ. ಆ ಅನುಮಾನ ಏಳು ತಿಂಗಳು ನನ್ನ ಜೊತೆಗೇ ಇತ್ತು.

ವಿಮಲಕ್ಕ ಬಾಣಂತನಕ್ಕೆ ಚಿಕ್ಕೋಡಿಗೆ ಹೋದ ಮೇಲೂ ಅವಳ ಅತ್ತೆ ನನ್ನನ್ನು ಮಗಳ ಹಾಗೆ ಇಟ್ಟುಕೊಂಡರು. ಬೆಳಿಗ್ಗೆ ಗಣಿತ, ಹತ್ತರಿಂದ ಐದು ಮಾಳಿಗೆ. ಬಾಯಾರು ಮಧ್ಯಾಹ್ನದ ಬಿಡುವಿನಲ್ಲಿ “ಆ ಲೆಕ್ಕ ನನಗೂ ಹೇಳು” ಎಂದು ಎದುರು ಕೂಡುವರು. ಅವರಿಗೆ ಬೇಕಾಗಿತ್ತೋ ಇಲ್ಲವೋ, ಅವರಿಗೆ ತಿಳಿಯುವ ಹಾಗೆ ಹೇಳಲು ಹೋಗಿ ನನಗೇ ತಿಳಿಯಿತು. ಏಪ್ರಿಲಿನಲ್ಲಿ ಪಿಯುಸಿ ಬರೆದೆ, ಮೇ ತಿಂಗಳಲ್ಲಿ ಹೊಲಿಗೆ ಪರೀಕ್ಷೆ ಕೊಟ್ಟೆ. ಎರಡರದೂ ಫಲಿತಾಂಶ ಜೂನಿನ ಒಂದೇ ವಾರದಲ್ಲಿ, ನಾನು ಚಿಕ್ಕೋಡಿಯ ಮನೆಯಲ್ಲಿದ್ದಾಗ ಬಂತು.

ಪಿಯುಸಿಯದನ್ನು ಅಪ್ಪನೇ ಕಾಲೇಜಿಗೆ ಹೋಗಿ ನೋಡಿಬಂದ. ಗಣಿತದಲ್ಲಿ ಮೂವತ್ತಾರು. ಪಾಸು. ಈ ಸಲ ಪೇಢೆ ತರಲಿಲ್ಲ. ಮರುದಿನ ಬೆಳಿಗ್ಗೆ ಬಾಯಾರ ಕಾರ್ಡು ಬಂತು. ಹಸೀನಾ ಪಾಸು, ಮೊದಲ ದರ್ಜೆ. ನಾನು ನಪಾಸು.

ಕಾರ್ಡು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ನಿಂತೆ. ಅಪ್ಪ ಪೇಪರು ಓದುತ್ತಿದ್ದವನು ತಲೆ ಎತ್ತಿದ. ಹೋದ ವರ್ಷದ ಆ ಎಂಟು ದಿನದ ಮೌನ ಮತ್ತೆ ಶುರುವಾಯಿತು ಎಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡೆ.

“ಯಾವುದರಾಗ ಹೋತು?”

“ತೋಳಿನಾಗ. ಗಡಿಬಿಡ್ಯಾಗ ಬಟ್ಟಿ ಮಡಚೋದು ಮರ್ತೆ. ಎರಡೂ ಎಡಗೈ ತೋಳ ಆದವು.”

ಅಪ್ಪ ಪೇಪರು ಕೆಳಗಿಟ್ಟ. ತನ್ನ ಎರಡೂ ಕೈ ಮುಂದೆ ಚಾಚಿ, ಎಡಗೈ ನೋಡಿದ, ಬಲಗೈ ನೋಡಿದ. ನಗು ತಡೆಯಲಾಗಲಿಲ್ಲ ಅವನಿಗೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಒಳಗಿನಿಂದ ಅವ್ವ ಗಾಬರಿಯಾಗಿ ಬಂದಳು. ಅಪ್ಪ ಕಣ್ಣೊರೆಸಿಕೊಂಡು ಎದ್ದು, ಗೂಟದ ಮೇಲಿನ ಚೀಲ ತೆಗೆದ.

“ನಡಿ, ಹತ್ತೂವರಿ ಗಾಡಿ ಐತಿ ನಿಪ್ಪಾಣಿಗೆ. ಇದೇನು ಸಣ್ಣ ಪರೀಕ್ಷಾ ಅಲ್ಲ ಶೋಭಾ. ಇನ್ನೊಂದ ವರ್ಷ ಇಟ್ಕೊಳ್ರಿ ಅಂತ ಬಾಯಾರಿಗೆ ನಾನ ಕೇಳ್ಕೋತೀನಿ.”